ಪರದೇಶದ ಸಾಕುಪ್ರಾಣಿಗಳೂ ನಮ್ಮ ಮಕ್ಕಳ ಶಿಕ್ಷಣವೂ



ಮಕ್ಕಳ ಶಿಕ್ಷಣಕ್ಕೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಸಮಕ್ಷಮದಲ್ಲಿ ಸಾವಧಾನವಾಗಿ ವಿಚಾರಿಸತಕ್ಕದ್ದೆಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ಉದ್ದೇಶ. ನಾನು ಇಂದು ಆರಿಸಿಕೊಂಡಿರುವ ವಿಷಯವು ಪಠ್ಯಕ್ರಮದೊಳಗೆ ಇನ್ನೂ ಸೇರಿದುದಲ್ಲ. ಆದರೆ ನಮ್ಮ ನಗರಗಳ ಮನೆಗಳೊಳಗೆ ಈಗಾಗಲೇ ಸೇರಿಬಿಟ್ಟಿದೆ. ದೂರದೇಶಗಳಲ್ಲಿ ಹುಟ್ಟಿ ಬೆಳೆದ ಜಾತಿಯ ಪಕ್ಷಿಗಳೂ ಆಮೆಗಳೂ ಹಾವು ಹಲ್ಲಿಗಳೂ ಸಣ್ಣ ಸಸ್ತನಿಗಳೂ ಇಂದು ಹುಟ್ಟುಹಬ್ಬದ ಉಡುಗೊರೆಗಳಾಗಿ ಮಕ್ಕಳ ಕೈಗೆ ಬರುತ್ತಿರುವುದರಿಂದ, ಅವುಗಳ ಪೋಷಣೆಯನ್ನು ಮಕ್ಕಳಿಗೆ ಯಾರು ಕಲಿಸಬೇಕು, ಏನೆಂದು ಕಲಿಸಬೇಕು, ಕಲಿಸುವ ಕಾರ್ಯ ಎಲ್ಲಿಂದ ಆರಂಭವಾಗಬೇಕು ಎಂಬ ಪ್ರಶ್ನೆಗಳನ್ನು ಇನ್ನು ಮುಂದೂಡುವುದು ಉಚಿತವಲ್ಲವೆಂದು ನಾನು ಭಾವಿಸಿದ್ದೇನೆ.

ಎರಡು ತಲೆಮಾರುಗಳ ಹಿಂದೆ ನಮ್ಮ ಮನೆಗಳಲ್ಲಿ ಹಸು, ಎಮ್ಮೆ, ನಾಯಿ, ಬೆಕ್ಕುಗಳು ಇದ್ದವು. ಅವನ್ನು ಸಾಕುವ ವಿದ್ಯೆಯನ್ನು ಯಾರೂ ಯಾರಿಗೂ ಕುಳ್ಳಿರಿಸಿ ಬೋಧಿಸಿದವರಲ್ಲ. ಹಸಿ ಹುಲ್ಲು ಮೇದು ಹೊಟ್ಟೆಯುಬ್ಬರಿಸಿದ ದನಕ್ಕೆ ಏನು ಕುಡಿಸಬೇಕು, ಈದ ಹಸುವಿಗೆ ಎಂತಹ ಹಿಂಡಿ ಹಾಕಬೇಕು, ಕರುವಿಗೆ ಎಷ್ಟು ಹಾಲು ಬಿಡಬೇಕು, ಮಳೆಗಾಲದಲ್ಲಿ ಕೊಟ್ಟಿಗೆಯ ನೆಲವನ್ನು ಹೇಗೆ ಒಣಗಿಸಿಡಬೇಕು ಎಂಬುದೆಲ್ಲ ಅಜ್ಜಿಗೆ ತಿಳಿದಿತ್ತು. ಅಜ್ಜಿಯ ಸೆರಗು ಹಿಡಿದು ಕೊಟ್ಟಿಗೆಗೆ ಹೋದ ಮಗು ಕೇಳದೆಯೇ ಅದನ್ನೆಲ್ಲ ಕಲಿಯಿತು. ಈ ಜ್ಞಾನಪರಂಪರೆಯು ಸಾವಿರಾರು ವರ್ಷಗಳ ಸಹವಾಸದ ಫಲ. ಪಶುವೂ ಈ ನೆಲದ ಹವೆಗೆ ಒಗ್ಗಿತ್ತು, ಮನುಷ್ಯನೂ ಆ ಪಶುವಿನ ಸ್ವಭಾವಕ್ಕೆ ಒಗ್ಗಿದ್ದ. ಈಗ ಮನೆಗೆ ಬಂದಿರುವ ದಕ್ಷಿಣ ಅಮೆರಿಕದ ಇಗುವಾನಕ್ಕಾಗಲಿ ಪಶ್ಚಿಮ ಆಫ್ರಿಕದ ಬಾಲ್ ಹೆಬ್ಬಾವಿಗಾಗಲಿ ನಮ್ಮಲ್ಲಿ ಅಂತಹ ಅಜ್ಜಿಯಿಲ್ಲ. ತಂದೆಗೆ ತಿಳಿಯದು, ತಾಯಿಗೆ ತಿಳಿಯದು, ನೆರೆಮನೆಯವರಿಗೆ ತಿಳಿಯದು. ದನ, ಕುರಿ, ನಾಯಿಗಳಿಗೆ ಚಿಕಿತ್ಸೆ ಮಾಡಿ ನುರಿತ ಸಮೀಪದ ಪಶುವೈದ್ಯರಿಗೂ ಅನೇಕ ವೇಳೆ ಅದರ ಪರಿಚಯವಿರುವುದಿಲ್ಲ. ಬಲ್ಲವನೆಂದು ಉಳಿಯುವವನು ಮಾರಿದ ಅಂಗಡಿಯವನೊಬ್ಬನೇ.

ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ, ಅಥವಾ ಯಾವುದೇ ಬಡಾವಣೆಯ ಅಕ್ವೇರಿಯಂ ಅಂಗಡಿಯ ಮುಂದೆ, ಮಗುವಿನ ಕೈಹಿಡಿದು ಒಂದು ಗಳಿಗೆ ನಿಂತರೆ ಭೂಗೋಳದ ಪಾಠವೇ ಕಣ್ಣಮುಂದೆ ತೆರೆದುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಲವ್ ಬರ್ಡ್ಸ್ ಎಂದು ಮಾರಾಟವಾಗುವ ಬಜರಿಗರ್ ಆಸ್ಟ್ರೇಲಿಯದ ಒಣ ಬಯಲುಗಳದು, ಹ್ಯಾಮ್‌ಸ್ಟರ್ ಸಿರಿಯಾದೇಶದ್ದು, ಗಿನಿ ಇಲಿಯ ಮೂಲ ಆಂಡೀಸ್ ಪರ್ವತಪ್ರಾಂತ್ಯ. ಆದರೆ ಈ ಪಾಠವನ್ನು ಮಗುವಿಗೆ ಯಾರೂ ಓದಿ ಹೇಳುವುದಿಲ್ಲ. ಬೆಲೆಯನ್ನು ಕೇಳುತ್ತೇವೆ, ಬಣ್ಣವನ್ನು ನೋಡುತ್ತೇವೆ, ತಿನ್ನಲು ಏನು ಹಾಕಬೇಕೆಂದು ವಿಚಾರಿಸಿ ಒಂದು ಡಬ್ಬಿಯನ್ನು ಕೊಂಡು ಮನೆಗೆ ಬರುತ್ತೇವೆ. ನನ್ನ ಅಭಿಪ್ರಾಯವನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಪ್ರಾಣಿಯು ಮನೆಗೆ ಬರುವುದಕ್ಕೆ ಬಹಳ ಮೊದಲೇ ಆ ಪ್ರಾಣಿಯ ನಾಡು ಮಗುವಿನ ಮನಸ್ಸಿಗೆ ಬಂದಿರಬೇಕು. ಅಲ್ಲಿಯ ಬಿಸಿಲು, ನೀರು, ಋತು, ಆಹಾರ, ಶತ್ರು, ಸಂಗಾತಿ ಇವುಗಳನ್ನು ತಿಳಿಯದೆ ಮಾಡುವ ಪೋಷಣೆ ಪೋಷಣೆಯಲ್ಲ. ತಿಳಿದ ಮೇಲೆ ‘ಇದು ನಮ್ಮ ಮನೆಗೆ ಬೇಡ’ ಎಂದು ಮಗುವೇ ನಿಶ್ಚಯಿಸುವುದಾದರೆ, ಆ ನಿಶ್ಚಯವನ್ನು ಶಿಕ್ಷಣದ ಅತ್ಯುತ್ತಮ ಫಲವೆಂದು ನಾವು ಸ್ವೀಕರಿಸಬೇಕು.

ಒಂದೇ ಪ್ರಾಣಿಯನ್ನು ತೆಗೆದುಕೊಂಡು ವಿಸ್ತಾರವಾಗಿ ಹೇಳುತ್ತೇನೆ. ಕಣ್ಣಿನ ಹಿಂಬದಿಯಲ್ಲಿ ಕೆಂಪು ಪಟ್ಟಿಯುಳ್ಳ, ಹಸಿರು ಚಿಪ್ಪಿನ, ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದಾದ ಒಂದು ಆಮೆಮರಿಯನ್ನು ನೀವೆಲ್ಲರೂ ನೋಡಿರುತ್ತೀರಿ. ರೆಡ್ ಇಯರ್ಡ್ ಸ್ಲೈಡರ್ ಎಂದು ಅದರ ಹೆಸರು. ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆಯಿಂದ ಮೆಕ್ಸಿಕೊ ಕೊಲ್ಲಿಯವರೆಗಿನ ಕೆರೆ, ಜೌಗು, ಮಂದಗತಿಯ ಹೊಳೆಗಳು ಅದರ ತವರು. ಅಂಗಡಿಯಲ್ಲಿ ಅದನ್ನು ಒಂದು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟು, ನಡುವೆ ಒಂದು ಪ್ಲಾಸ್ಟಿಕ್ ತಾಳೆಮರವನ್ನು ನಿಲ್ಲಿಸಿ, ಎರಡು ಬೆರಳಿನಷ್ಟು ನೀರು ಹಾಕಿ, ಒಣಗಿಸಿದ ಸೀಗಡಿಯ ಒಂದು ಡಬ್ಬಿಯೊಡನೆ ಕೊಡುತ್ತಾರೆ. ಆಮೆಯಿದ್ದ ಮನೆಗೆ ಶುಭವೆಂಬ ವಾಸ್ತುವಿನ ನಂಬಿಕೆಯೂ ಇದಕ್ಕೆ ಸೇರಿಕೊಂಡಿದೆ. ದಶಾವತಾರಗಳಲ್ಲಿ ಕೂರ್ಮಕ್ಕೂ ಸ್ಥಾನವಿತ್ತ ಜನರಿಗೆ ಆಮೆಯ ಮೇಲೆ ಆದರವಿರುವುದು ಸಹಜವೇ. ಆ ಆದರವು ಆಮೆಯ ಹೊಟ್ಟೆ ತುಂಬಿಸುವಂತಾಗಬೇಕಾದರೆ ಅದರ ಜೀವನಕ್ರಮವನ್ನು ತಿಳಿಯಬೇಕು.

ಆಮೆಯು ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದ ಜೀವಿ. ತನ್ನ ನಾಡಿನಲ್ಲಿ ಅದು ನೀರಿನಿಂದೆದ್ದು, ಬಿದ್ದ ಮರದ ಬೊಡ್ಡೆಯನ್ನೇರಿ, ನಾಲ್ಕು ಕಾಲುಗಳನ್ನೂ ಚಾಚಿ ತಾಸುಗಟ್ಟಲೆ ಬಿಸಿಲು ಕಾಯುತ್ತದೆ; ಹೆಜ್ಜೆಯ ಸದ್ದಾದೊಡನೆ ಜಾರಿ ನೀರಿಗೆ ಬೀಳುತ್ತದೆ. ಆ ಬಿಸಿಲೇ ಅದರ ಜಠರಾಗ್ನಿಯನ್ನು ಎಬ್ಬಿಸತಕ್ಕದ್ದು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದಲ್ಲಿ ‘ಡಿ’ ಜೀವಸತ್ವವನ್ನು ಉಂಟುಮಾಡಿದಾಗಲೇ ತಿಂದ ಸುಣ್ಣದ ಅಂಶವು ಎಲುಬಿಗೂ ಚಿಪ್ಪಿಗೂ ಸೇರುತ್ತದೆ. ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಡುವುದಾದರೂ ಈ ಕಿರಣಗಳ ಬಹುಭಾಗವನ್ನು ತಡೆದುಬಿಡುವುದರಿಂದ, ಗಾಜಿನ ಹಿಂದೆ ಬಿಸಿಲಿನಲ್ಲಿರುವಂತೆ ಕಾಣುವ ಆಮೆ ವಾಸ್ತವವಾಗಿ ಆ ಪ್ರಯೋಜನದಿಂದ ವಂಚಿತವಾಗಿರುತ್ತದೆ. ಚಿಪ್ಪು ಮೆತ್ತಗಾಗುತ್ತದೆ, ಅಂಚುಗಳು ಮೇಲಕ್ಕೆ ತಿರುಗುತ್ತವೆ. ಒಣ ಸೀಗಡಿಯೊಂದನ್ನೇ ತಿಂದ ಮರಿಗೆ ‘ಎ’ ಜೀವಸತ್ವದ ಅಭಾವದಿಂದ ರೆಪ್ಪೆಗಳು ಊದಿಕೊಂಡು ಕಣ್ಣುಗಳು ಮುಚ್ಚಿಹೋಗುತ್ತವೆ. ಕಣ್ಣು ಕಾಣದಾದಾಗ ಅದು ಆಹಾರವನ್ನೇ ಮುಟ್ಟುವುದಿಲ್ಲ. ‘ಆಮೆ ನಿದ್ದೆ ಮಾಡುತ್ತಿದೆ’ ಎಂದು ಮಗು ಹೇಳುತ್ತದೆ, ಮನೆಯವರು ನಂಬುತ್ತಾರೆ.

ಚಿಪ್ಪು ಎಂಬುದು ಆಮೆ ಹೊತ್ತು ತಿರುಗುವ ಪೆಟ್ಟಿಗೆಯಲ್ಲ, ಅದರ ಬೆನ್ನುಮೂಳೆಯೂ ಪಕ್ಕೆಲುಬುಗಳೂ ಒಂದಾಗಿ ಬೆಸೆದ ಜೀವಂತವಾದ ಅಂಗ, ಅದನ್ನು ತಟ್ಟಿದರೆ ಆಮೆಗೆ ಸ್ಪರ್ಶವು ತಿಳಿಯುತ್ತದೆ ಎಂಬುದನ್ನು ನಾಲ್ಕನೆಯ ತರಗತಿಯ ಮಗುವಿಗೆ ಹೇಳಿ ನೋಡಿ; ಆ ಕ್ಷಣದಿಂದ ಅದು ಆಮೆಯನ್ನು ಹಿಡಿಯುವ ರೀತಿಯೇ ಬೇರೆಯಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಕ್ಕಳಿಗೆ ‘ಹಿಂಸೆ ಮಾಡಬೇಡ’ ಎಂದು ನೂರು ಬಾರಿ ಹೇಳುವುದಕ್ಕಿಂತ ಶರೀರರಚನೆಯ ಒಂದು ಸತ್ಯವನ್ನು ತಿಳಿಸುವುದು ಹೆಚ್ಚು ಫಲಕಾರಿ.

ಇನ್ನು ಗಾತ್ರ ಮತ್ತು ಆಯುಸ್ಸಿನ ವಿಚಾರ. ಆ ಮೂರು ಸೆಂಟಿಮೀಟರಿನ ಮರಿಯು ಹೆಣ್ಣಾಗಿದ್ದರೆ 25 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲುದು. ಸರಿಯಾಗಿ ಸಾಕಿದರೆ 20, 30 ವರ್ಷ ಬದುಕಬಲ್ಲುದು. ಹತ್ತು ವರ್ಷದ ಮಗುವಿಗೆ ಇದನ್ನೊಂದು ಲೆಕ್ಕವಾಗಿ ಕೊಡಬೇಕು: ಈ ಆಮೆ ಮುದಿಯಾಗುವ ಹೊತ್ತಿಗೆ ನಿನಗೆ ಎಷ್ಟು ವಯಸ್ಸು? ಆಗ ನೀನು ಯಾವ ಊರಿನಲ್ಲಿರುತ್ತೀಯೆ? ಪ್ರಾಣಿಯ ಹೊಟ್ಟೆಯಲ್ಲಿ ನಿರುಪದ್ರವಿಯಾಗಿ ವಾಸಿಸುವ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿಯ ಮಾತನ್ನೂ ಮರೆಮಾಡಬಾರದು. ಅಮೆರಿಕದಲ್ಲಿ ಮಕ್ಕಳು ಸಣ್ಣ ಆಮೆಗಳನ್ನು ಬಾಯಿಗಿಟ್ಟುಕೊಂಡು, ಮುಟ್ಟಿದ ಕೈಯಿಂದಲೇ ತಿಂದು, ಭೇದಿ ಜ್ವರಗಳಿಗೆ ತುತ್ತಾದ ಪ್ರಕರಣಗಳು ಹೆಚ್ಚಾದುದರಿಂದ, ಚಿಪ್ಪಿನ ಉದ್ದ ನಾಲ್ಕು ಅಂಗುಲಕ್ಕೆ ಕಡಿಮೆಯಿರುವ ಆಮೆಗಳ ಮಾರಾಟವನ್ನು ಅಲ್ಲಿಯ ಸರ್ಕಾರ 1975ರಲ್ಲಿಯೇ ನಿಷೇಧಿಸಿತು. ಅಲ್ಲಿ ಮಗುವಿನ ಹಿತಕ್ಕಾಗಿ ಯಾವ ಗಾತ್ರದ ಆಮೆಯನ್ನು ಮಾರಬಾರದೆಂದು ವಿಧಿಸಿದರೋ ಅದೇ ಗಾತ್ರದ ಆಮೆಯನ್ನು ನಾವಿಲ್ಲಿ ಮಗುವಿಗೆಂದೇ ಕೊಳ್ಳುತ್ತಿದ್ದೇವೆ. ಐದು ವರ್ಷಕ್ಕಿಂತ ಚಿಕ್ಕ ಮಗುವಿರುವ ಮನೆಗೆ ಆಮೆಯಾಗಲಿ ಇಗುವಾನವಾಗಲಿ ಸಲ್ಲದೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ದೊಡ್ಡ ಮಕ್ಕಳೂ ಆಮೆಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯಬೇಕು. ಆಮೆಯ ತೊಟ್ಟಿಯನ್ನು ಅಡುಗೆಮನೆಯ ಬಚ್ಚಲಿನಲ್ಲಿ ತೊಳೆಯಕೂಡದು.

‘ಮಗು ಜವಾಬ್ದಾರಿಯನ್ನು ಕಲಿಯಲಿ ಎಂದು ಪ್ರಾಣಿಯನ್ನು ತಂದೆವು’ ಎಂದು ಹೇಳುವ ತಂದೆತಾಯಿಗಳು ಬಹಳ. ಅವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೆ ಜವಾಬ್ದಾರಿಯನ್ನು ಕಲಿಯುವ ಮಗು ತಪ್ಪುತ್ತದೆ, ಮರೆಯುತ್ತದೆ, ಮಾರ್ಚಿ ತಿಂಗಳ ಪರೀಕ್ಷೆ ಬಂದಾಗ ಬಿಟ್ಟುಬಿಡುತ್ತದೆ. ಹಾಗೆ ತಪ್ಪುವುದು ಕಲಿಕೆಯ ಸ್ವಭಾವವೇ ಆಗಿದೆ. ಹೂವಿನ ಗಿಡಕ್ಕೆ ನೀರು ಹಾಕುವುದನ್ನು ಮರೆತರೆ ಗಿಡ ಬಾಡಿತು, ಇನ್ನೊಂದು ನೆಟ್ಟರಾಯಿತು. ಉಸಿರಾಡುವ, ಹಸಿಯುವ, ಹೆದರುವ ಒಂದು ಪ್ರಾಣವನ್ನು ಅಭ್ಯಾಸಪುಸ್ತಕದ ಸ್ಥಾನದಲ್ಲಿಡುವುದಕ್ಕೆ ನಮಗೆ ಅಧಿಕಾರವಿಲ್ಲ. ಆದಕಾರಣ ಮನೆಗೆ ಬಂದ ಪ್ರಾಣಿಯ ಸಂಪೂರ್ಣ ಹೊಣೆ ಪ್ರಾಯಕ್ಕೆ ಬಂದವರದು. ಮಗು ಆ ಹೊಣೆಯಲ್ಲಿ ಪಾಲುಗೊಳ್ಳುವ ಸಹಾಯಕ ಮಾತ್ರ. ಆರೇಳು ವರ್ಷದ ಮಗು ನೋಡಲಿ, ಎಣಿಸಲಿ, ಹಿರಿಯರ ಪಕ್ಕದಲ್ಲಿ ನಿಂತು ಸೊಪ್ಪು ಕೊಡಲಿ. ಹತ್ತು ಹನ್ನೊಂದು ವರ್ಷದ್ದು ನೀರು ಬದಲಾಯಿಸಲಿ, ತಾಪಮಾಪಕವನ್ನು ಓದಲಿ. ಹದಿನೈದು ದಾಟಿದವರು ಫಿಲ್ಟರನ್ನು ಬಿಚ್ಚಿ ತೊಳೆಯಲಿ, ವೈದ್ಯರೊಡನೆ ತಾವೇ ಮಾತನಾಡಲಿ. ಪ್ರತಿರಾತ್ರಿಯೂ ‘ಇವತ್ತು ಅದು ತಿಂದಿತೆ?’ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕಾದವರು ಮಾತ್ರ ತಂದೆತಾಯಿಗಳೇ.

ಇದು ಹೇಗೆ ಸಾಧ್ಯವೆಂಬುದಕ್ಕೆ ನನ್ನ ಪರಿಚಯದ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಆರನೆಯ ತರಗತಿಯ ಬಾಲಿಕೆಯೊಬ್ಬಳು ಬಜರಿಗರ್ ಹಕ್ಕಿಗಳು ಬೇಕೆಂದು ಹಟಹಿಡಿದಳು. ತಾಯಿ ಒಲ್ಲೆನೆನ್ನಲಿಲ್ಲ, ಬೇಸಗೆಯ ರಜೆಯೆಲ್ಲ ಆ ಹಕ್ಕಿಯ ನಾಡಿನ ವಿಷಯವನ್ನು ಓದಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದು ಮಾತ್ರ ಹೇಳಿದರು. ಆಸ್ಟ್ರೇಲಿಯದ ಒಳನಾಡಿನಲ್ಲಿ ಮಳೆ ಬಿದ್ದ ಕಡೆಗೆ ಹುಲ್ಲುಬೀಜವನ್ನರಸುತ್ತ ಸಾವಿರಾರು ಸಂಖ್ಯೆಯಲ್ಲಿ ಹಾರಿಹೋಗುವ ಹಿಂಡುಗಳ ವಿಚಾರವನ್ನು ಓದಿದ ಆ ಹುಡುಗಿ, ಒಂಟಿ ಹಕ್ಕಿ ಬೇಡ, ಎತ್ತರದ ಪಂಜರ ಬೇಡ, ಅಡ್ಡಕ್ಕೆ ಅಗಲವಾದುದು ಬೇಕು ಎಂದು ತಾನಾಗಿಯೇ ಬರೆದಿದ್ದಳು. ಏಕೆಂದರೆ ಹಕ್ಕಿ ಹಾರುವುದು ಅಡ್ಡಕ್ಕೆ. ನವಣೆ ಸಾಮೆಗಳಷ್ಟೇ ಸಾಲವು, ಬರಿಯ ಕಾಳು ತಿಂದ ಹಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತದೆ, ಕೊತ್ತಂಬರಿ, ನುಗ್ಗೆಸೊಪ್ಪು, ಕ್ಯಾರೆಟ್ಟು ಕೊಡಬೇಕು ಎಂದೂ ಇತ್ತು. ಕೆಂಪು ಶಾಯಿಯಲ್ಲಿ ಎರಡು ಎಚ್ಚರಿಕೆಗಳಿದ್ದವು: ಬೆಣ್ಣೆಹಣ್ಣು ಈ ಹಕ್ಕಿಗೆ ವಿಷ, ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾಯ್ದಾಗ ಏಳುವ ಹೊಗೆ ಅದನ್ನು ನಿಮಿಷಗಳಲ್ಲಿ ಕೊಲ್ಲಬಲ್ಲುದು. ಪಕ್ಷಿಗಳ ಶ್ವಾಸಕೋಶವು ಗಾಳಿಯಿಂದ ಪ್ರಾಣವಾಯುವನ್ನು ಹೀರುವುದರಲ್ಲಿ ನಮ್ಮದಕ್ಕಿಂತ ಸಮರ್ಥ; ವಿಷವನ್ನೂ ಅಷ್ಟೇ ಸಮರ್ಥವಾಗಿ ಹೀರುತ್ತದೆ. ಹಿಂದೆ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಕ್ಯಾನರಿ ಹಕ್ಕಿಯನ್ನು ಕೊಂಡೊಯ್ಯುತ್ತಿದ್ದುದು ಇದೇ ಕಾರಣಕ್ಕೆ.

ಹಕ್ಕಿಗಳು ಬಂದ ಮೇಲೆ ಆ ಮನೆಯ ಭಾನುವಾರದ ಬೆಳಗಿಗೊಂದು ಕ್ರಮವುಂಟಾಯಿತು. ತಂದೆ ಅಡುಗೆಮನೆಯ ಸಣ್ಣ ತಕ್ಕಡಿಯನ್ನು ಮೇಜಿನ ಮೇಲಿಡುವರು. ಅದರ ಮೇಲೊಂದು ಕಡ್ಡಿಯ ಪೀಠ. ಹಕ್ಕಿ ಅದರ ಮೇಲೆ ಬಂದು ಕುಳಿತಾಗ ಹುಡುಗಿ ಅಂಕಿಯನ್ನು ಓದಿ ಬರೆದುಕೊಳ್ಳುವಳು. 36 ಗ್ರಾಮು, 36 ಗ್ರಾಮು, 35 ಗ್ರಾಮು. ಒಂದು ವಾರ 32 ಎಂದು ಬಂದಿತು. ಹಕ್ಕಿ ಎಂದಿನಂತೆ ಕೂಗುತ್ತಿತ್ತು, ಕಾಳಿನ ಬಟ್ಟಲ ಮೇಲೆ ಬಗ್ಗುತ್ತಲೂ ಇತ್ತು. ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ಬೀಳಬಾರದೆಂದು ಹಿಂಡಿನ ಹಕ್ಕಿಯು ತನ್ನ ರೋಗವನ್ನು ಕೊನೆಯವರೆಗೂ ಮರೆಮಾಡುತ್ತದೆ ಎಂದು ಆಕೆ ಮೊದಲೇ ಓದಿದ್ದಳಾದುದರಿಂದ, ಆ ಸೌಖ್ಯದ ಸೋಗನ್ನು ನಂಬದೆ ಅಂದೇ ವೈದ್ಯರಲ್ಲಿಗೆ ಹೋಗಬೇಕೆಂದು ಹಟಮಾಡಿದಳು. ಬಟ್ಟಲಲ್ಲಿದ್ದುದು ಬರಿಯ ಹೊಟ್ಟು, ಹಕ್ಕಿ ಕಾಳನ್ನು ಸುಲಿದು ಬಿಡುತ್ತಿತ್ತೇ ಹೊರತು ನುಂಗುತ್ತಿರಲಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಚಿಕಿತ್ಸೆ ನಡೆಯಿತು, ಹಕ್ಕಿ ಉಳಿಯಿತು. ನಾಲ್ಕು ಗ್ರಾಮಿನ ವ್ಯತ್ಯಾಸವನ್ನು ಓದಬಲ್ಲ ಮಗುವನ್ನು ಸಿದ್ಧಪಡಿಸಿದ್ದು ಆ ರಜೆಯ ನೋಟ್‌ಬುಕ್ಕು.

ಉಳಿದ ಸಣ್ಣ ಪ್ರಾಣಿಗಳ ವಿಷಯದಲ್ಲಿಯೂ ಮೂಲದ ನಾಡೇ ಉಪಾಧ್ಯಾಯ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ನಗರದ ಸಮೀಪದ ಹೊಲದ ಬಿಲವೊಂದರಿಂದ ತೆಗೆದ ತಾಯಿಮರಿಗಳ ಸಂತತಿಯೇ ಇಂದು ಲೋಕದ ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳ ಬಹುಭಾಗ. ಆ ಪ್ರಾಣಿ ಬಿಲದಲ್ಲಿ ಒಂಟಿಯಾಗಿ ಬಾಳುವುದು. ಜೊತೆಯಿರಲೆಂದು ಕರುಣೆಯಿಂದ ಒಂದೇ ಪಂಜರದಲ್ಲಿಟ್ಟ ಎರಡು ಹ್ಯಾಮ್‌ಸ್ಟರುಗಳು ಕಚ್ಚಾಡಿ ಸಾಯಲೂಬಹುದು. ಗಿನಿ ಇಲಿಗೆ ಇದಕ್ಕೆ ವಿರುದ್ಧವಾಗಿ ಸಂಗಾತಿ ಬೇಕು. ನಮ್ಮಂತೆಯೇ ಅದೂ ‘ಸಿ’ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಲಾರದಾದುದರಿಂದ ದಿನವೂ ಹಸಿ ಸೊಪ್ಪು, ದಪ್ಪಮೆಣಸಿನಕಾಯಿಗಳು ಬೇಕು.

ಮಕ್ಕಳು ತಪ್ಪದೆ ಕೇಳುವ ಒಂದು ಪ್ರಶ್ನೆಗೆ ಅಧ್ಯಾಪಕರು ಸಿದ್ಧರಾಗಿರಬೇಕು: ಬ್ರೆಜಿಲಿನ ಮಕಾವ್ ಗಿಣಿಯನ್ನು ಸಾಕಬಹುದಂತೆ, ನಮ್ಮ ತೆಂಗಿನಮರದ ಪೊಟರೆಯ ಗಿಣಿಯನ್ನು ಸಾಕಬಾರದಂತೆ, ಇದೇಕೆ? ನ್ಯಾಯವಾದ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ಕಾಡು ಹೊಲ ಕೆರೆಗಳ ಜೀವಿಗಳನ್ನು ರಕ್ಷಿಸುತ್ತದೆ; ನಮ್ಮ ಗಿಣಿಯೂ, ಕೋಲಾರದ ಕಡೆಯ ಕುರುಚಲು ಕಾಡುಗಳ ನಕ್ಷತ್ರ ಆಮೆಯೂ ಆ ರಕ್ಷಣೆಗೆ ಒಳಪಟ್ಟವು; ಪಂಜರದಲ್ಲಿಟ್ಟ ನಮ್ಮ ಗಿಣಿ ಸಾಮಾನ್ಯವಾಗಿ ಇಲ್ಲಿಯ ಗೂಡಿನಿಂದಲೇ ಕದ್ದು ತಂದುದು; ಅದನ್ನಿಟ್ಟುಕೊಳ್ಳುವುದು ಅಪರಾಧ. ಪರದೇಶದ ಜೀವಿಗಳ ವಿಷಯದಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಸಿದ್ಧವಾದ ಅದಕ್ಕೆ ಭಾರತವು 1976ರಲ್ಲಿ ಸೇರಿತು. ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು; 2024ರ ನಿಯಮಗಳ ಪ್ರಕಾರ, ಆ ಒಪ್ಪಂದದ ಪಟ್ಟಿಗಳಿಂದ ನಮ್ಮ ಕಾಯಿದೆಯ ಅನುಸೂಚಿಗೆ ಸೇರಿದ ಮಕಾವ್, ಆಫ್ರಿಕದ ಬೂದುಗಿಣಿ, ಇಗುವಾನ, ಬಾಲ್ ಹೆಬ್ಬಾವು ಮೊದಲಾದುವನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸತಕ್ಕದ್ದು. ಜನನ ಮರಣಗಳನ್ನೂ ವರದಿ ಮಾಡತಕ್ಕದ್ದು. ಬಜರಿಗರ್, ಕಾಕಟೀಲ್ ಹಕ್ಕಿಗಳು ಆ ಪಟ್ಟಿಯಲ್ಲಿಲ್ಲ.

ಆದರೆ ನೋಂದಣಿಯು ಪ್ರಾಣಿಯ ದುಃಖವನ್ನೆಲ್ಲ ನಿವಾರಿಸಿಬಿಡುವುದಿಲ್ಲವೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ಬಟ್ಟೆಗಳ ನಡುವೆ ಅಡಗಿಸಿಟ್ಟ ಹಾವು, ಆಮೆ, ಇಗುವಾನಗಳನ್ನು ಬೆಂಗಳೂರಿನ ವಿಮಾನನಿಲ್ದಾಣದ ಸುಂಕದ ಅಧಿಕಾರಿಗಳು ಮತ್ತೆ ಮತ್ತೆ ಹಿಡಿದಿದ್ದಾರೆ. 2023ರ ಆಗಸ್ಟಿನಲ್ಲಿ ಹಿಡಿದ 234 ಜೀವಿಗಳ ನಡುವೆ ಸತ್ತ ಒಂದು ಕಾಂಗರೂ ಮರಿಯೂ ಇತ್ತು. ಹನ್ನೆರಡು ವರ್ಷದ ಮಗುವಿಗೆ ಇದನ್ನು ಹೇಳಬಹುದು, ಹೇಳಬೇಕು. ಹೆದರಿಸುವುದಕ್ಕಲ್ಲ, ಅಂಗಡಿಯ ಗಾಜಿನ ಹಿಂದೆ ಕಂಡ ಪ್ರಾಣಿಯು ಯಾವ ಮಾರ್ಗದಿಂದ ಬಂದಿತೆಂದು ಕೇಳುವ ಅಭ್ಯಾಸ ಬೆಳೆಯಲೆಂದು.

ಕೊನೆಯದಾಗಿ, ಸಾಕಲಾಗದ ಪ್ರಾಣಿಯನ್ನು ಏನು ಮಾಡಬೇಕೆಂಬ ವಿಚಾರ. ಬೆಳೆದು ತೊಟ್ಟಿಗೆ ಹಿಡಿಸದಾದ ಆಮೆಯನ್ನು ಕೆರೆಗೋ ದೇವಸ್ಥಾನದ ಪುಷ್ಕರಿಣಿಗೋ ಬಿಟ್ಟುಬರುವುದನ್ನು ಪುಣ್ಯಕಾರ್ಯವೆಂದು ನಮ್ಮವರು ತಿಳಿದಿದ್ದಾರೆ. ಈ ಕೆಂಪುಕಿವಿಯ ಆಮೆ ಲೋಕದ ಅತ್ಯಂತ ಹಾನಿಕಾರಕವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದುದು. ಯೂರೋಪಿನ ರಾಷ್ಟ್ರಗಳು ಅದರ ಆಮದನ್ನು 1997ರಲ್ಲಿಯೇ ನಿಲ್ಲಿಸಿದವು. ಹೊರಗೆ ಬಿಟ್ಟ ಆಮೆಯು ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆ, ಕಪ್ಪಾಮೆಗಳ ಆಹಾರವನ್ನೂ ಬಿಸಿಲು ಕಾಯುವ ತಾಣಗಳನ್ನೂ ಆಕ್ರಮಿಸಿಕೊಳ್ಳುತ್ತದೆ, ರೋಗಗಳನ್ನೂ ಹರಡುತ್ತದೆ. ಪುಣ್ಯವೆಂದು ಎಸಗಿದ ಕಾರ್ಯದಿಂದ ಈ ನೆಲದ ಜೀವಿಗೆ ಅಪಕಾರವಾಗುವುದನ್ನು ಮಕ್ಕಳು ಹಿರಿಯರಿಗಿಂತ ಬೇಗ ಗ್ರಹಿಸುತ್ತಾರೆ.

ಇಲ್ಲಿ ನೆರೆದಿರುವ ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ತರಗತಿಗೆ ಪ್ರಾಣಿಯನ್ನು ತರಬೇಡಿ. ಒಂದು ಪ್ರಾಣಿಯ ನಾಡನ್ನು ತನ್ನಿ. ಒಂದು ಅವಧಿಯುದ್ದಕ್ಕೂ ಮಕ್ಕಳು ಒಂದೇ ಜೀವಿಯ ನಕ್ಷೆ, ಹವೆ, ಆಹಾರ, ಆಯುಸ್ಸು, ವೆಚ್ಚ ಇವನ್ನೆಲ್ಲ ಬರೆದು, ಅದನ್ನು ಸಾಕುವುದು ತಮ್ಮ ಮನೆಯಲ್ಲಿ ಸಾಧ್ಯವೆ ಎಂದು ತಾವೇ ತೀರ್ಪು ಕೊಡಲಿ. ಮಕಾವನ್ನೋ ಹೆಬ್ಬಾವನ್ನೋ ಪ್ರೀತಿಸಿಯೇ ತೀರುವೆನೆನ್ನುವ ಮಗುವಿಗೆ 1892ರಿಂದ ನಡೆದುಬಂದಿರುವ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ಸ್ವೀಕರಿಸುವ ಯೋಜನೆಯಿರುವುದನ್ನು ತಿಳಿಸಿ. ಯಾರ ಮನೆಯಲ್ಲಾದರೂ ಸಾಕಲಾಗದ ಆಮೆಯಿದ್ದರೆ ಅದನ್ನು ಕೆರೆಗೆ ಬಿಡಬೇಡಿ. ಅರಣ್ಯ ಇಲಾಖೆಯ ಸಮೀಪದ ಕಚೇರಿಯನ್ನೋ ವನ್ಯಜೀವಿಗಳ ರಕ್ಷಣಾ ಕೇಂದ್ರವನ್ನೋ ವಿಚಾರಿಸಿ, ಅದಕ್ಕೊಂದು ನೆಲೆ ದೊರೆಯುವವರೆಗೆ ಬಿಸಿಲೂ ಶುದ್ಧವಾದ ನೀರೂ ಇರುವ ದೊಡ್ಡ ತೊಟ್ಟಿಯಲ್ಲಿ ಅದನ್ನಿಟ್ಟು ನೋಡಿಕೊಳ್ಳಿ.